ಹೊತ್ತಿನ ಹಿಡಿತ ಯಾರ ಕೈಯಲ್ಲಿ? ನಗರ ಬಸ್ ನೌಕರರ ದುಡಿಮೆ, ಮನೆ ಮತ್ತು ಒತ್ತಡ ನಿರ್ವಹಣೆ

1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ಗಂಡಸರ ದಾಖಲೆಗಳನ್ನು ಆಧರಿಸಿ ಒಂದು ವ್ಯತ್ಯಾಸವನ್ನು ವಿದ್ವಾಂಸರ ಮುಂದಿಟ್ಟರು. ಒಂದೇ ಬಸ್ಸಿನಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ಊರಿನ ಹೊಗೆ ಕುಡಿಯುತ್ತ ದುಡಿಯುವ ಇಬ್ಬರಲ್ಲಿ ಚಾಲಕನಿಗೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು, ನಿರ್ವಾಹಕನಿಗೆ ಕಡಿಮೆ. ಮಾರಿಸ್ ಕೊಟ್ಟ ವಿವರಣೆ ದೇಹಶ್ರಮದ್ದು: ಎರಡಂತಸ್ತಿನ ಬಸ್ಸಿನ ನಿರ್ವಾಹಕ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ, ಚಾಲಕ ಕೂತೇ ಇರುತ್ತಾನೆ. 1956ರಲ್ಲಿ ಅದೇ ತಂಡ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ ಚಾಲಕರ ಪ್ಯಾಂಟಿನ ಸೊಂಟದಳತೆಯೇ ದೊಡ್ಡದಿತ್ತು. ಕೆಲಸಕ್ಕೆ ಮುನ್ನವೇ ಇಬ್ಬರ ಮೈಕಟ್ಟಿನಲ್ಲಿ ಭೇದವಿದ್ದಿರಬಹುದೆಂಬ ಅನುಮಾನಕ್ಕೆ ಅದು ದಾರಿ ಮಾಡಿತು. ದೇಹಶ್ರಮದ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಬಹುಕಾಲ ಉತ್ತರಕ್ಕಾಗಿ ಕಾದಿತ್ತು: ಸ್ಟಿಯರಿಂಗ್ ಹಿಡಿದು ಗಂಟೆಗಟ್ಟಲೆ ಕೂರುವ ಆ ಕೆಲಸದ ಸ್ವರೂಪವೇ ಮೈಗೆ ಮಾಡುವ ಕೇಡೆಷ್ಟು?

ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ, ಒತ್ತಡ ನಿರ್ವಹಣೆ ಎಂದು ನಾವು ಇಂದು ಕಲಿಸುತ್ತಿರುವುದರಲ್ಲಿ ಬಿಟ್ಟುಹೋಗಿರುವ ಮುಖ್ಯ ಭಾಗ ಸಿಗುತ್ತದೆ ಎಂಬುದು ಈ ಲೇಖನದ ನಿಲುವು. ಉಸಿರಾಟ, ಧ್ಯಾನ, ಸಮಯಪಾಲನೆ, ಸಕಾರಾತ್ಮಕ ಚಿಂತನೆ ಇವೆಲ್ಲ ಒಬ್ಬ ವ್ಯಕ್ತಿ ತನ್ನೊಳಗೆ ಸಾಧಿಸಿಕೊಳ್ಳುವ ಕೌಶಲಗಳು. ಅವು ಸುಳ್ಳಲ್ಲ. ಆದರೆ ತನ್ನ ದಿನದ ಹೊತ್ತಿನ ಮೇಲೆ ತನಗೇ ಹಿಡಿತವಿಲ್ಲದವರಿಗೆ ಕಲಿಸಬೇಕಾದ ಮೊದಲ ಪಾಠ, ಆ ಹಿಡಿತವನ್ನು ಹಲವರು ಕೂಡಿ ಹೇಗೆ ಮರಳಿ ಪಡೆಯಬಹುದು ಎಂಬುದು.

ಒತ್ತಡದ ಅಧ್ಯಯನ ಆರಂಭವಾದದ್ದು ದೇಹದಿಂದ. ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ, ಇಲಿಗಳಿಗೆ ಚಳಿ, ಗಾಯ, ವಿಷ ಯಾವುದು ತಾಗಿದರೂ ದೇಹ ತೋರುವ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳ ಅವರ ಚೌಕಟ್ಟು ಪಠ್ಯಪುಸ್ತಕಗಳಲ್ಲಿ ಈಗಲೂ ಇದೆ. 1984ರ ಗ್ರಂಥದಲ್ಲಿ ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ ಮನಸ್ಸನ್ನು ಇದರ ನಡುವೆ ತಂದರು. ಎದುರಾದ ಸಂಗತಿಯನ್ನು ವ್ಯಕ್ತಿ ಹೇಗೆ ಅಂದಾಜಿಸುತ್ತಾನೆ, ತನ್ನ ಬಳಿ ಇರುವ ಬಲವೆಷ್ಟೆಂದು ಎಣಿಸುತ್ತಾನೆ ಎಂಬುದರ ಮೇಲೆ ಒತ್ತಡ ನಿಂತಿದೆ. ನಿಭಾಯಿಸುವ ದಾರಿಗಳಲ್ಲಿ ಅವರು ಎರಡು ಬಗೆ ಗುರುತಿಸಿದರು: ಸಮಸ್ಯೆಯನ್ನೇ ಬದಲಿಸಲು ಹೊರಡುವುದು, ಅದು ಎಬ್ಬಿಸುವ ಭಾವನೆಯನ್ನು ಸಮಾಧಾನಪಡಿಸುವುದು. ಬದಲಿಸಬಹುದಾದ ಕಡೆ ಮೊದಲನೆಯದು, ಬದಲಿಸಲಾಗದ ಕಡೆ ಎರಡನೆಯದು ಹೊಂದುತ್ತದೆ ಎಂಬ ತಿಳಿವಳಿಕೆ ಇಲ್ಲಿಂದ ಬೆಳೆಯಿತು. ಬದಲಿಸಬಹುದೋ ಬಾರದೋ ಎಂಬುದನ್ನು ತೀರ್ಮಾನಿಸುವವರು ಯಾರು ಎಂಬಲ್ಲಿಗೆ ನಾನು ಮತ್ತೆ ಬರುತ್ತೇನೆ.

ದುಡಿಮೆಯ ಒತ್ತಡಕ್ಕೆ ಹೆಚ್ಚು ಉಪಯುಕ್ತವಾದ ನಕ್ಷೆ ಕೊಟ್ಟವರು ರಾಬರ್ಟ್ ಕರಾಸೆಕ್. ಅಮೆರಿಕ ಮತ್ತು ಸ್ವೀಡನ್ನಿನ ದುಡಿಯುವವರ ಮಾಹಿತಿಯನ್ನಿಟ್ಟುಕೊಂಡು 1979ರಲ್ಲಿ ಅವರು ಹೇಳಿದ್ದಿಷ್ಟು: ಕೆಲಸದ ಹೊರೆ ಒಂದರಿಂದಲೇ ಮನುಷ್ಯ ಕುಸಿಯುವುದಿಲ್ಲ. ಹೊರೆ ಹೆಚ್ಚಿದ್ದು, ಕೆಲಸವನ್ನು ಹೇಗೆ, ಯಾವಾಗ, ಯಾವ ವೇಗದಲ್ಲಿ ಮಾಡಬೇಕೆಂಬ ನಿರ್ಧಾರ ತನ್ನದಲ್ಲದಾಗ ಅಪಾಯ ಏರುತ್ತದೆ. ಹೊರೆಯ ಜೊತೆ ಹಿಡಿತವೂ ಹೆಚ್ಚಿದ್ದರೆ ಅದೇ ಕೆಲಸ ಕಲಿಕೆಯಾಗುತ್ತದೆ. 1988ರಲ್ಲಿ ಜೆಫ್ರಿ ಜಾನ್ಸನ್ ಮತ್ತು ಎಲೆನ್ ಹಾಲ್ ಇದಕ್ಕೆ ಸಹೋದ್ಯೋಗಿಗಳ ಆಸರೆ ಎಂಬ ಮೂರನೆಯ ಅಂಶ ಸೇರಿಸಿದರು. ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಆರಂಭವಾಗಿ ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಒಳಗೊಂಡ ಎರಡನೆಯ ವೈಟ್‌ಹಾಲ್ ಅಧ್ಯಯನವೂ ಈ ದಿಕ್ಕಿನಲ್ಲೇ ಸಾಗಿತು. ಒತ್ತಡವೆಂದರೆ ಮೇಲಧಿಕಾರಿಗಳ ಕಾಯಿಲೆ ಎಂಬ ನಂಬಿಕೆಗೆ ವಿರುದ್ಧವಾಗಿ, ಹುದ್ದೆಯ ಏಣಿಯಲ್ಲಿ ಕೆಳಗಿಳಿದಂತೆ ಹೃದ್ರೋಗ ಹೆಚ್ಚುತ್ತಿತ್ತು. ಅದಕ್ಕೆ ಸಿಕ್ಕ ಕಾರಣಗಳಲ್ಲಿ ಕೆಲಸದ ಮೇಲಿನ ಹಿಡಿತದ ಕೊರತೆ ಪ್ರಮುಖವಾಗಿತ್ತು.

ಈ ನಕ್ಷೆಯ ಮೇಲೆ ನಗರ ಬಸ್ಸಿನ ಚಾಲಕನನ್ನು ಇಟ್ಟು ನೋಡಿದರೆ ಅವನು ಎಲ್ಲಿ ನಿಲ್ಲುತ್ತಾನೆಂದು ಊಹಿಸುವುದು ಕಷ್ಟವಲ್ಲ. ಶೆಡ್ಯೂಲ್ ಡಿಪೋದಲ್ಲಿ ಸಿದ್ಧವಾಗಿ ಬರುತ್ತದೆ. ಪ್ರತಿ ಟ್ರಿಪ್ಪಿಗೂ ಇಷ್ಟೇ ನಿಮಿಷ ಎಂಬ ರನ್ನಿಂಗ್ ಟೈಮ್ ಅದರಲ್ಲಿ ಅಚ್ಚಾಗಿರುತ್ತದೆ. ರಸ್ತೆ ಆ ನಿಮಿಷಗಳನ್ನು ಕೊಡುವುದಿಲ್ಲ. ಅವಸರ ಮಾಡಿದರೆ ಅಪಘಾತದ ಭಯ, ನಿಧಾನಿಸಿದರೆ ಟ್ರಿಪ್ ತಪ್ಪುವ ಭಯ, ನಿಲ್ದಾಣದಲ್ಲಿ ನಿಲ್ಲಿಸದಿದ್ದರೆ ಪ್ರಯಾಣಿಕರ ಬೈಗುಳ, ನಿಲ್ಲಿಸಿದರೆ ಹಿಂದಿನ ಕಾರಿನವರ ಹಾರನ್. ಒಂದಕ್ಕೊಂದು ಹೊಂದದ ಈ ಬೇಡಿಕೆಗಳ ಲೆಕ್ಕ ಕೊನೆಗೆ ತೀರುವುದು ಟರ್ಮಿನಲ್‌ನಲ್ಲಿ. ತಡವಾದ ನಿಮಿಷಗಳನ್ನು ಚಹಾದ ಹೊತ್ತಿನಿಂದ, ಊಟದ ಹೊತ್ತಿನಿಂದ, ಶೌಚಕ್ಕೆ ಹೋಗುವ ಹೊತ್ತಿನಿಂದ ಕಳೆಯಬೇಕಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಗೊತ್ತುಪಡಿಸಿ, ಸತತ ದುಡಿಮೆ ಐದು ಗಂಟೆ ಮೀರದಂತೆ ಕನಿಷ್ಠ ಅರ್ಧ ಗಂಟೆಯ ಬಿಡುವು ಇರಬೇಕೆಂದಿತ್ತು. ಕಾಗದದ ಮೇಲೆ ಬಿಡುವು ಇರುವುದಕ್ಕೂ ಕಿಕ್ಕಿರಿದ ಸಂಜೆಯಲ್ಲಿ ಅದು ಚಾಲಕನ ಕೈಗೆ ಸಿಗುವುದಕ್ಕೂ ನಡುವೆ ರಸ್ತೆ ಬಿದ್ದಿದೆ.

ನಿರ್ವಾಹಕರ ಒತ್ತಡ ಬೇರೆ ಬಗೆಯದು. ಅದು ಜನರೊಡನೆ ನಡೆಯುವ ವ್ಯವಹಾರದ್ದು. ಬೆಂಗಳೂರಿನಲ್ಲಿ ಬಸ್ ಹತ್ತಿದವರಿಗೆಲ್ಲ ಚಿಲ್ಲರೆಯ ಜಗಳ ಗೊತ್ತು, ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ಪದ್ಧತಿಯೂ ಗೊತ್ತು. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಲಕ್ಷಾಂತರ ಹೆಂಗಸರಿಗೆ ಊರು ತೆರೆದುಕೊಂಡ ಆ ಒಳ್ಳೆಯ ಯೋಜನೆಯ ಕೆಲಸದ ಹೊರೆ ನಿರ್ವಾಹಕರ ಕೈಯಲ್ಲಿರುವ ಯಂತ್ರದ ಮೇಲೂ ಬಿತ್ತು. ಉಚಿತವಾದರೂ ಪ್ರತಿಯೊಬ್ಬರಿಗೂ ಶೂನ್ಯ ಮೊತ್ತದ ಟಿಕೆಟ್ ಹರಿಯಲೇಬೇಕು, ಗುರುತಿನ ಚೀಟಿ ನೋಡಲೇಬೇಕು, ಮುಂದಿನ ನಿಲ್ದಾಣ ಬರುವುದರೊಳಗೆ ಮುಗಿಸಲೇಬೇಕು. ಯೋಜನೆಯನ್ನು ಮೆಚ್ಚುವುದಕ್ಕೂ ಅದನ್ನು ನಡೆಸುವವರ ಬವಣೆಯನ್ನು ಎಣಿಸುವುದಕ್ಕೂ ವಿರೋಧವಿಲ್ಲ.

ಗ್ಯಾರಿ ಇವಾನ್ಸ್ ಮತ್ತು ಸಿಬಿಲ್ ಕರೇರ್ 1991ರಲ್ಲಿ ಪ್ರಕಟಿಸಿದ ನಗರ ಬಸ್ ಚಾಲಕರ ಅಧ್ಯಯನ ಚಾಲಕನ ಈ ಹಿಡಿತದ ಕೊರತೆಗೆ ದೇಹದ ಸಾಕ್ಷ್ಯ ಒದಗಿಸಿತು. ದಟ್ಟಣೆಯಲ್ಲಿ ಹೆಚ್ಚು ಹೊತ್ತು ಸಿಲುಕಿದವರ ಮೂತ್ರದಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಪ್ರಮಾಣ ಏರಿತ್ತು. ಇದರ ಒಂದು ಕೊಂಡಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ದಟ್ಟಣೆ ಚಾಲಕನ ‘ಇದು ನನ್ನ ಹಿಡಿತದಲ್ಲಿದೆ’ ಎಂಬ ಅನಿಸಿಕೆಯನ್ನು ಕುಗ್ಗಿಸುತ್ತಿತ್ತು, ಆ ಕುಗ್ಗುವಿಕೆಯ ಮೂಲಕ ದೇಹದ ರಸಗಳು ಏರುತ್ತಿದ್ದವು. ಕರಾಸೆಕ್ ಸಮೀಕ್ಷೆಯ ಉತ್ತರಗಳಲ್ಲಿ ಕಂಡದ್ದು ಇಲ್ಲಿ ಪ್ರಯೋಗಾಲಯದ ಅಳತೆಗೆ ಸಿಕ್ಕಿತು.

ಎಂಟು ವರ್ಷದ ಬಳಿಕ, 1999ರಲ್ಲಿ, ಇವಾನ್ಸ್ ಸ್ವೀಡನ್ನಿನ ಗುನ್ ಯೊಹಾನ್ಸನ್ ಮತ್ತು ಲೀಫ್ ರೀಡ್‌ಸ್ಟೆಟ್ ಜೊತೆ ಇನ್ನೂ ದೊಡ್ಡ ಮಾತು ಹೇಳಿದರು. ಸ್ಟಾಕ್‌ಹೋಮ್‌ನ ಜನನಿಬಿಡ ಬಸ್ ಮಾರ್ಗವೊಂದರಲ್ಲಿ ಚಾಲಕರಿಗೆ ಯಾವ ತರಬೇತಿಯನ್ನೂ ಕೊಡದೆ ಮಾರ್ಗವನ್ನೇ ತಿದ್ದಲಾಯಿತು. ಬಸ್ಸಿಗೆ ಪ್ರತ್ಯೇಕ ಪಥ, ಸಿಗ್ನಲ್‌ನಲ್ಲಿ ಆದ್ಯತೆ, ಬಸ್ ಸಲೀಸಾಗಿ ಸೇರಿ ಹೊರಡುವಂತಹ ನಿಲ್ದಾಣ, ಪ್ರಯಾಣಿಕರು ಚಾಲಕನನ್ನು ಕೇಳದೆ ತಿಳಿದುಕೊಳ್ಳುವ ಮಾಹಿತಿ ಫಲಕ. ಬದಲಾವಣೆಯಾಗದ ಮಾರ್ಗಗಳ ಚಾಲಕರಿಗೆ ಹೋಲಿಸಿದಾಗ ಇವರ ದಿನನಿತ್ಯದ ಕಿರಿಕಿರಿ ಇಳಿಯಿತು, ಮೇಲಿನ ರಕ್ತದೊತ್ತಡ ಮತ್ತು ನಾಡಿಬಡಿತ ಇಳಿದವು. ಅಧ್ಯಯನ ಚಿಕ್ಕದು, ಒಂದೇ ಊರಿನದು, ಅದನ್ನು ಎಲ್ಲ ಕಡೆಗೂ ಹಿಗ್ಗಿಸುವಂತಿಲ್ಲ. ಆದರೂ ರಸ್ತೆಯ ಮೇಲೆ ಎಳೆದ ಬಣ್ಣದ ಗೆರೆಯೊಂದು ಮನುಷ್ಯನ ರಕ್ತನಾಳದವರೆಗೆ ಮುಟ್ಟಬಲ್ಲದು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವನ್ನು ಮುಚ್ಚಿಡುವುದು ವಿದ್ವತ್ತಿಗೆ ಒಪ್ಪುವ ಕೆಲಸವಲ್ಲ. ಕ್ಯಾಥರೀನ್ ರಿಚರ್ಡ್ಸನ್ ಮತ್ತು ಹಾನಾ ರಾತ್‌ಸ್ಟೀನ್ 2008ರಲ್ಲಿ 36 ಪ್ರಯೋಗಾತ್ಮಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ತರಬೇತಿಗಳು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದವು. ವಿಶ್ರಾಂತಿ ಮತ್ತು ಧ್ಯಾನದ ವಿಧಾನಗಳು ಹೆಚ್ಚು ಬಳಕೆಯಲ್ಲಿದ್ದವು. ಸಂಸ್ಥೆಯ ಮಟ್ಟದ ಬದಲಾವಣೆಗಳು ಕಡಿಮೆ ಫಲ ತೋರಿದ್ದವು. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಎಂಟು ವಾರಗಳ ಧ್ಯಾನಕ್ರಮ ಜಗತ್ತಿನಾದ್ಯಂತ ಹರಡಿರುವುದಕ್ಕೂ ಆಧಾರವಿದೆ. ನಿಧಾನವಾದ ಉಸಿರಾಟ ಉದ್ವೇಗವನ್ನು ತಗ್ಗಿಸುತ್ತದೆಂಬುದು ಪ್ರಾಣಾಯಾಮ ಬಲ್ಲ ನಮ್ಮ ಜನಕ್ಕೆ ಹೊಸದಲ್ಲ. ಹಾಗಿದ್ದರೆ ವ್ಯಕ್ತಿಗೆ ಕಲಿಸುವುದೇ ಸಾಕಲ್ಲವೇ?

ಸಾಕಾಗದು ಎನ್ನುವುದಕ್ಕೆ ನನಗೆ ಎರಡು ಕಾರಣ ಕಾಣುತ್ತವೆ. ಆ 36ರಲ್ಲಿ ಸಂಸ್ಥೆಯ ಬದಲಾವಣೆಯನ್ನು ಪರೀಕ್ಷಿಸಿದವು ಬೆರಳೆಣಿಕೆಯಷ್ಟು ಮಾತ್ರ. ಹೆಚ್ಚು ಪರೀಕ್ಷೆಗೆ ಒಳಗಾಗದ್ದನ್ನು ಫಲವಿಲ್ಲದ್ದು ಎಂದುಕೊಳ್ಳುವುದು ತರ್ಕದೋಷ. ಒಬ್ಬರಿಗೆ ಎಂಟು ವಾರ ತರಬೇತಿ ಕೊಟ್ಟು ಅಳೆಯುವುದು ಸುಲಭ, ಡಿಪೋ ಒಂದರ ಶೆಡ್ಯೂಲ್ ಬದಲಿಸಿ ಅಳೆಯಲು ವರ್ಷ ಬೇಕು, ಆಡಳಿತದ ಒಪ್ಪಿಗೆಯೂ ಬೇಕು. ಎರಡನೆಯದಾಗಿ, ಇಂತಹ ಪ್ರಯೋಗಗಳಲ್ಲಿ ಹೆಚ್ಚಾಗಿ ಅಳೆಯುವುದು ಅನಿಸಿಕೆಯನ್ನು. ಅನಿಸಿಕೆ ಹಗುರವಾಗುವುದು ದೊಡ್ಡ ಸಮಾಧಾನವೇ, ಅದನ್ನು ನಾನು ಕಡೆಗಣಿಸಲಾರೆ. ಆದರೆ ಮರುದಿನ ಅದೇ ರನ್ನಿಂಗ್ ಟೈಮ್‌ಗೆ ಮರಳುವವನಿಗೆ ಆ ಸಮಾಧಾನ ಎಷ್ಟು ಕಾಲ ಬಾಳುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ವ್ಯಕ್ತಿಗತ ತರಬೇತಿಯ ಜೊತೆಗೆ ಕೆಲಸದ ಸ್ಥಿತಿಗತಿಯನ್ನೇ ತಿದ್ದುವ ಕ್ರಮಗಳನ್ನೂ ಶಿಫಾರಸು ಮಾಡಿದವು.

ಇಲ್ಲಿ ಲಾಜರಸ್ ಮತ್ತು ಫೋಕ್‌ಮನ್ ಮಾಡಿದ ವಿಂಗಡಣೆಗೆ ಮರಳಬೇಕು. ದಟ್ಟಣೆ ಚಾಲಕನೊಬ್ಬನಿಂದ ಬದಲಾಗದು; ಆದ್ದರಿಂದ ಅವನು ಭಾವನೆಯನ್ನು ಸಂಭಾಳಿಸಿಕೊಳ್ಳಬೇಕು ಎನ್ನುವುದು ಸಾಮಾನ್ಯ ಸಲಹೆ. ಆದರೆ ಆ ದಟ್ಟಣೆಗೆ ತಕ್ಕಂತೆ ರನ್ನಿಂಗ್ ಟೈಮ್ ಬದಲಿಸಬಲ್ಲವರು ಡಿಪೋದ ಸಂಚಾರ ವಿಭಾಗದಲ್ಲೇ ಕೂತಿದ್ದಾರೆ. ಒಬ್ಬನಿಗೆ ಹೊರಗಿನ, ಅಲುಗದ ಸಂಗತಿಯಾಗಿ ಕಾಣುವುದು ಐವತ್ತು ಚಾಲಕರು ಕೂಡಿ ತಮ್ಮ ಮಾರ್ಗದ ನಿಜವಾದ ನಿಮಿಷಗಳನ್ನು ಬರೆದು ಮುಂದಿಟ್ಟಾಗ ಮಾತುಕತೆಯ ವಿಷಯವಾಗುತ್ತದೆ. ಬಸ್ಸುಗಳಲ್ಲಿ ಜಿಪಿಎಸ್ ಇರುವ ಕಾಲದಲ್ಲಿ ಆ ನಿಮಿಷಗಳಿಗೆ ಪುರಾವೆಯೂ ಇದೆ. ಇಂದು ಅದನ್ನು ತಡವಾದವರನ್ನು ಹಿಡಿಯಲು ಮಾತ್ರವಲ್ಲದೆ ಶೆಡ್ಯೂಲನ್ನು ಪರೀಕ್ಷಿಸಲೂ ಬಳಸಬಹುದು. ರಾಜ್ಯದ ಸಾರಿಗೆ ನೌಕರರು 2020ರ ಡಿಸೆಂಬರ್ ಮತ್ತು 2021ರ ಏಪ್ರಿಲ್‌ನಲ್ಲಿ ಮುಷ್ಕರ ಹೂಡಿದಾಗ ಸುದ್ದಿಯಾದದ್ದು ವೇತನ ಮತ್ತು ಸರ್ಕಾರಿ ನೌಕರರ ಸ್ಥಾನಮಾನದ ಬೇಡಿಕೆ. ರನ್ನಿಂಗ್ ಟೈಮ್ ಕೂಡ ಅಷ್ಟೇ ತೂಕದ ಆರೋಗ್ಯದ ಬೇಡಿಕೆ ಎಂದು ಸಂಘಗಳು ಪರಿಗಣಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮನೆಯ ವಿಷಯವನ್ನು ಬೇರೆ ಅಧ್ಯಾಯವಾಗಿ ಕತ್ತರಿಸಿಡುವುದು ಸಂಶೋಧನೆಯ ಅನುಕೂಲಕ್ಕೆ ಸರಿ. ಬದುಕಿನಲ್ಲಿ ಆ ಗೆರೆಯಿಲ್ಲ. ಅಮೆರಿಕದ ರೆನಾ ರೆಪೆಟ್ಟಿ 1989ರಲ್ಲಿ ವಿಮಾನ ಸಂಚಾರ ನಿಯಂತ್ರಕರ ದಿನಚರಿಯನ್ನು ಅಭ್ಯಸಿಸಿದಾಗ, ಹೊರೆ ಹೆಚ್ಚಿದ್ದ ದಿನ ಅವರು ಮನೆಗೆ ಬಂದು ಮಾತು ಕಡಿಮೆ ಮಾಡುತ್ತಿದ್ದರು, ತಮ್ಮೊಳಗೆ ಸರಿಯುತ್ತಿದ್ದರು. ಹೆಂಡತಿ ಅಥವಾ ಗಂಡ ಆ ಹೊತ್ತಿಗೆ ಅವಕಾಶ ಕೊಟ್ಟರೆ ಆ ಮೌನ ಚೇತರಿಕೆಯಾಗುತ್ತಿತ್ತು. ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಸಿ ಬಂದ ಚಾಲಕನ ಮೌನವನ್ನು ಸಿಡುಕೆಂದು ಓದುವ ಮನೆಗೆ ಈ ತಿಳಿವಳಿಕೆ ನಿಜಕ್ಕೂ ಉಪಕಾರಿ. ಬಂದ ಮೊದಲ ಅರ್ಧ ಗಂಟೆ ಲೆಕ್ಕಪತ್ರ, ಮಕ್ಕಳ ದೂರು, ಊರಿನ ಸಾಲದ ಮಾತು ಬೇಡವೆಂದು ಇಬ್ಬರೂ ಮಾತಾಡಿಕೊಂಡು ಒಪ್ಪುವುದು ಕಲಿಯಬಹುದಾದ ಸಂಗತಿ.

ಆದರೆ ಆ ಅರ್ಧ ಗಂಟೆ ಯಾರಿಗೆ ಸಿಗುತ್ತದೆ? ಸ್ಟಾಕ್‌ಹೋಮ್‌ನ ಮರಿಯಾನೆ ಫ್ರಾಂಕೆನ್‌ಹಾಯ್ಸರ್ ತಂಡ 1989ರಲ್ಲಿ ವೋಲ್ವೋ ಕಂಪನಿಯ ನೌಕರರಲ್ಲಿ ಅಳೆದದ್ದು ನೆನಪಿಡಬೇಕಾದ ಸಂಗತಿ: ಸಂಜೆ ಕೆಲಸ ಮುಗಿದೊಡನೆ ಪುರುಷ ವ್ಯವಸ್ಥಾಪಕರ ನಾರ್‌ಅಡ್ರಿನಲಿನ್ ಇಳಿಯುತ್ತಿತ್ತು, ಮಹಿಳಾ ವ್ಯವಸ್ಥಾಪಕರದು ಇಳಿಯುವ ಬದಲು ಏರುತ್ತಿತ್ತು. ಮನೆಗೆಲಸದ ಎರಡನೆಯ ಪಾಳಿ ಅವರ ದೇಹಕ್ಕೆ ಗೊತ್ತಿತ್ತು. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ತೊಡಗಿದ ಗಂಡಸರು 97 ನಿಮಿಷ. ನಸುಕಿನಲ್ಲಿ ಅಡುಗೆ ಮುಗಿಸಿ ಮೊದಲ ಪಾಳಿಗೆ ಡಿಪೋ ತಲುಪುವ ಮಹಿಳಾ ನಿರ್ವಾಹಕಿಗೆ ಧ್ಯಾನದ ಪಾಠ ಹೇಳುವ ಮುನ್ನ, ಅವಳ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಟರ್ಮಿನಲ್‌ನಲ್ಲಿ ಬಳಸಬಹುದಾದ ಶೌಚಾಲಯ ಇದೆಯೇ ಎಂದು ಕೇಳಬೇಕು. ಈ ಎರಡನ್ನು ಕೇಳದ ಒತ್ತಡ ನಿರ್ವಹಣಾ ಶಿಬಿರ ಅವಳ ಪಾಲಿಗೆ ಇನ್ನೊಂದು ಹಾಜರಾತಿಯಷ್ಟೇ. ತೀವ್ರ ಬಳಲಿಕೆಗೆ, ನಿದ್ದೆಗೇಡಿಗೆ, ಬದುಕೇ ಬೇಡವೆನಿಸುವ ಸ್ಥಿತಿಗೆ ಕೆಲಸ ಹಂಚಿಕೆಯ ಮಾತು ಸಾಲದು. ಅಲ್ಲಿ ವೈದ್ಯರೇ ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಪ್ರತಿ ಡಿಪೋದ ವಿಶ್ರಾಂತಿ ಕೊಠಡಿಯ ಗೋಡೆಯ ಮೇಲಿರಬೇಕು.

ಬೆಂಗಳೂರಿನಲ್ಲಿ ಸ್ಟಾಕ್‌ಹೋಮ್ ಮಾದರಿಯ ಪರೀಕ್ಷೆಗೆ ಜಾಗ ಸಿದ್ಧವಿದೆ. 2019ರ ಕೊನೆಯಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗಿನ ಹೊರವರ್ತುಲ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಬಂದಿತ್ತು. ಮುಂದೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಎದ್ದಿತು. ಪಥ ಬಂದಾಗಿನ ಚರ್ಚೆ ಬಹುಪಾಲು ಪ್ರಯಾಣಿಕರಿಗೆ ಉಳಿಯುವ ನಿಮಿಷಗಳ ಸುತ್ತ, ಕಾರಿನವರಿಗೆ ಕಡಿಮೆಯಾಗುವ ಜಾಗದ ಸುತ್ತ ನಡೆಯಿತು. ಅಂತಹ ಪಥ ಮತ್ತೆ ಬರುವುದಾದರೆ, ಬರುವ ಆರು ತಿಂಗಳ ಮೊದಲೇ ಆ ಮಾರ್ಗದ ಮತ್ತು ಪಥವಿಲ್ಲದ ಇನ್ನೊಂದು ಮಾರ್ಗದ ಚಾಲಕ, ನಿರ್ವಾಹಕರ ರಕ್ತದೊತ್ತಡವನ್ನು ಡ್ಯೂಟಿಯ ಆರಂಭದಲ್ಲಿ, ಕೊನೆಯಲ್ಲಿ, ಮನೆಯಲ್ಲಿ ಮಲಗುವ ಮುನ್ನ ಅಳೆದಿಡಬೇಕು. ಅವರ ಟರ್ಮಿನಲ್ ಬಿಡುವಿನ ನಿಜವಾದ ನಿಮಿಷಗಳನ್ನೂ, ಮನೆಗೆಲಸದ ನಿಮಿಷಗಳನ್ನೂ ಹೆಂಗಸರು ಗಂಡಸರು ಇಬ್ಬರಿಂದಲೂ ಬರೆಸಬೇಕು. ಇದಕ್ಕೆ ಬೇಕಾದ ವೈದ್ಯಕೀಯ ಪರಿಣತಿ ನಗರದ ನಿಮ್ಹಾನ್ಸ್ ಮತ್ತು ಜಯದೇವ ಹೃದ್ರೋಗ ಸಂಸ್ಥೆಗಳಲ್ಲಿದೆ, ಮಾರ್ಗದ ಪರಿಣತಿ ಡಿಪೋಗಳಲ್ಲಿದೆ. ಪ್ರಶ್ನಾವಳಿ ರೂಪಿಸುವಾಗ ಮೊದಲು ಕೂರಿಸಿಕೊಳ್ಳಬೇಕಾದವರು ಆ ಮಾರ್ಗದಲ್ಲಿ ಬಸ್ ಓಡಿಸುವವರು.