ದೊಡ್ಡ ಎಚ್‌ಪಿ ಮೋಟರ್ ಇಳಿಸಿದರೆ ಬೋರ್‌ನಲ್ಲಿ ಹೆಚ್ಚು ನೀರು ಬರುತ್ತದೆಯೇ?

ಹೇಳಿಕೆ: ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾದರೆ 5 ಎಚ್‌ಪಿ ಮೋಟರ್ ತೆಗೆದು 7.5 ಎಚ್‌ಪಿ ಇಳಿಸಿ, ನೀರು ಹೆಚ್ಚುತ್ತದೆ.

ವಾಸ್ತವ: ಬಹುಮಟ್ಟಿಗೆ ತಪ್ಪು. ಮೋಟರ್ ಇರುವ ನೀರನ್ನು ಎತ್ತುತ್ತದೆ, ಇಲ್ಲದ ನೀರನ್ನು ತರುವುದಿಲ್ಲ.

ಏಕೆ?
ಶಿಕಾರಿಪುರ, ಸೊರಬ ಭಾಗದ ನೆಲದಡಿ ಗಟ್ಟಿ ಬಂಡೆಯಿದೆ. ಆಳದಲ್ಲಿ ಬಂಡೆಯ ಬಿರುಕುಗಳಿಂದ ಬಂದಷ್ಟೇ ನೀರು ಬೋರ್‌ಗೆ ಸೇರುತ್ತದೆ. ಗಂಟೆಗೆ 3,000 ಲೀಟರ್ ಬರುವ ಬೋರ್‌ಗೆ 6,000 ಲೀಟರ್ ಎತ್ತುವ ಮೋಟರ್ ಇಳಿಸಿದರೆ ಬೋರ್ ಬೇಗ ಖಾಲಿಯಾಗುತ್ತದೆ, ಅಷ್ಟೆ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದು ಸುತ್ತಲಿನ ನೀರಿನಿಂದ. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಅಡಿಕೆ ತೋಟಕ್ಕೆ ನೀರು ಬೇಕಾದ ಬೇಸಿಗೆಯಲ್ಲೇ ರಿವೈಂಡಿಂಗ್ ಖರ್ಚು ತಲೆಯ ಮೇಲೆ ಬೀಳುತ್ತದೆ.

ಹಾಗಾದರೆ ದೊಡ್ಡ ಮೋಟರ್ ಯಾವಾಗ ಬೇಕು? ಬೋರ್‌ನಲ್ಲಿ ಸಾಕಷ್ಟು ನೀರಿದ್ದು, ಮಟ್ಟ ಮಾತ್ರ ಕೆಳಗಿಳಿದು ಹಳೆಯ ಪಂಪ್‌ಗೆ ಅಷ್ಟು ಎತ್ತರಕ್ಕೆ ಎತ್ತಲು ಆಗದಿದ್ದಾಗ.

ಎಲ್ಲಿಗೆ ಯಾವ ಪಂಪ್?
• ತೆರೆದ ಬಾವಿ: ದಡದ ಮೇಲಿನ ಪಂಪ್ ಸಾಕು. ಆದರೆ ಅದು ನೀರನ್ನು ಹೀರುವುದು ಗಾಳಿಯ ಒತ್ತಡದ ನೆರವಿನಿಂದ. ಸಮುದ್ರಮಟ್ಟದಲ್ಲೂ ಈ ಮಿತಿ 10.3 ಮೀಟರ್, ಬಳಕೆಯಲ್ಲಿ ಸುಮಾರು 7 ಮೀಟರ್. ಇಲ್ಲೂ ಎಚ್‌ಪಿ ಹೆಚ್ಚಿಸಿ ಪ್ರಯೋಜನವಿಲ್ಲ.
• ಆಳದ ಬೋರ್, ಒಳ್ಳೆಯ ನೀರು: ಸಬ್‌ಮರ್ಸಿಬಲ್. ಕರೆಂಟ್ ಉಳಿತಾಯ.
• ಕಡಿಮೆ ನೀರು, ಮರಳು: ಕಂಪ್ರೆಸರ್. ಗಾಳಿಯ ಗುಳ್ಳೆಗಳು ನೀರನ್ನು ಹಗುರ ಮಾಡಿ ಮೇಲಕ್ಕೆ ತಳ್ಳುತ್ತವೆ. ಬೋರ್ ಒಳಗೆ ಸುಡುವ, ಸವೆಯುವ ಯಂತ್ರವಿಲ್ಲ. ಆದರೆ ಅಷ್ಟೇ ನೀರಿಗೆ ಕರೆಂಟ್ ಹೆಚ್ಚು ಬೇಕು.

ಗ್ಯಾಸ್ ಬಾವಿಗಳಲ್ಲೂ ಇದೇ ಲೆಕ್ಕ
ನೈಸರ್ಗಿಕ ಅನಿಲದ ಬಾವಿ ಹಳೆಯದಾಗಿ ಒತ್ತಡ ಇಳಿದಾಗ ತಳದಲ್ಲಿ ನೀರು ನಿಂತು ಅನಿಲವನ್ನು ತಡೆಯುತ್ತದೆ. ಆ ನೀರು ತೆಗೆಯಲು ಎಂಜಿನಿಯರ್‌ಗಳು ನೊರೆ ಬರಿಸುವ ಸೋಪು ಹಾಕುತ್ತಾರೆ, ಕಂಪ್ರೆಸರ್‌ನಂತೆಯೇ ಅನಿಲವನ್ನು ಒಳಗೆ ಬಿಡುತ್ತಾರೆ ಅಥವಾ ಪಂಪ್ ಇಳಿಸುತ್ತಾರೆ. ಆಳ, ನೀರಿನ ಪ್ರಮಾಣ, ಮರಳು ನೋಡಿದ ಮೇಲೆಯೇ ಆಯ್ಕೆ.

ನೀವು ಮಾಡಬೇಕಾದದ್ದು
ಕೊರೆಯುವಾಗ ಚಿಮ್ಮಿದ ನೀರನ್ನು ನಂಬಬೇಡಿ. ಬೇಸಿಗೆಯಲ್ಲಿ ಕೆಲವು ಗಂಟೆ ಸತತ ಪಂಪ್ ಓಡಿಸಿ, ನಂತರ ಅಳೆಯಿರಿ. 20 ಲೀಟರ್ ಬಕೆಟ್ 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 3,600 ಲೀಟರ್. ನಡುವೆ ನೀರು ಕಡಿದು ಕಡಿದು ಬಂದರೆ ಬೇಕಿರುವುದು ದೊಡ್ಡ ಮೋಟರ್ ಅಲ್ಲ. ಚಿಕ್ಕ ಪಂಪ್, ಬಿಡುವು ಕೊಡುವ ಟೈಮರ್, ನೀರಿಲ್ಲದಾಗ ಆಫ್ ಮಾಡುವ ಡ್ರೈ ರನ್ ರಕ್ಷಣೆ. ಮೋಟರ್ ಅಂಗಡಿಗೆ ಹೋಗುವಾಗ ಈ ಲೆಕ್ಕ ಜೊತೆಗಿರಲಿ.