ಕೆಂಪುಬಾಲದ ಕ್ಯಾಟ್‌ಫಿಶ್

ಕೆಂಪುಬಾಲದ ಕ್ಯಾಟ್‌ಫಿಶ್ ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮತ್ತು ಎಸೆಕ್ವಿಬೊ ನದಿಪಾತ್ರಗಳಲ್ಲಿ ವಾಸಿಸುವ ಬೃಹತ್ ಗಾತ್ರದ ಸಿಹಿನೀರಿನ ಮೀನು. ಇದರ ವೈಜ್ಞಾನಿಕ ಹೆಸರು ಫ್ರ್ಯಾಕ್ಟೊಸೆಫಾಲಸ್ ಹೆಮಿಯೊಲಿಯೊಪ್ಟೆರಸ್. ಆಕರ್ಷಕ ಬಣ್ಣದ ಕಾರಣದಿಂದ ಇದರ ಮರಿಗಳು ಅಲಂಕಾರಿಕ ಮೀನಾಗಿ ಅನೇಕ ದೇಶಗಳಲ್ಲಿ ಮಾರಾಟವಾಗುತ್ತವೆ. ಅಂಗಡಿಯಲ್ಲಿ ಎರಡು ಮೂರು ಅಂಗುಲವಿರುವ ಮರಿ ಬೆಳೆದಾಗ ಒಂದು ಮೀಟರಿಗೂ ಹೆಚ್ಚು ಉದ್ದವಾಗುವುದರಿಂದ, ಮನೆಯ ಅಕ್ವೇರಿಯಂಗಳಲ್ಲಿ ಇದರ ಪಾಲನೆ ಬಹಳ ಕಷ್ಟಕರವಾದುದು.

ಹೆಸರು ಮತ್ತು ವರ್ಗೀಕರಣ

ಈ ಮೀನು ಪಿಮೆಲೋಡಿಡೇ ಕುಟುಂಬಕ್ಕೆ ಸೇರಿದೆ. ಇದನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವರು ಬ್ಲಾಕ್ ಮತ್ತು ಷ್ನೈಡರ್ (1801). ಇದರ ಕುಲದಲ್ಲಿ ಇಂದು ಜೀವಂತವಾಗಿರುವುದು ಇದೊಂದೇ ಪ್ರಭೇದ. ಉಳಿದವು ಪಳೆಯುಳಿಕೆಗಳಿಂದ ಮಾತ್ರ ತಿಳಿದುಬಂದಿವೆ. ಕುಲದ ಹೆಸರು ಗ್ರೀಕ್ ಮೂಲದ್ದಾಗಿದ್ದು, ಕವಚದಂತಹ ಗಟ್ಟಿಯಾದ ತಲೆಯನ್ನು ಸೂಚಿಸುತ್ತದೆ. ಬ್ರೆಜಿಲ್‌ನಲ್ಲಿ ಇದನ್ನು 'ಪಿರರಾರ' ಎನ್ನುತ್ತಾರೆ. ತುಪಿ ಭಾಷೆಯಲ್ಲಿ 'ಪಿರ' ಎಂದರೆ ಮೀನು, 'ಅರಾರ' ಎಂದರೆ ಮಕಾವ್ ಗಿಳಿ.

ದೇಹರಚನೆ ಮತ್ತು ಸ್ವಭಾವ

ಬೆನ್ನು ಕಡುಬೂದು ಅಥವಾ ಕಂದು ಬಣ್ಣದ್ದಾಗಿದ್ದು, ಬಾಯಿಯಿಂದ ಬಾಲದವರೆಗೆ ಪಕ್ಕದಲ್ಲಿ ಅಗಲವಾದ ಬಿಳಿಯ ಪಟ್ಟೆಯಿರುತ್ತದೆ. ಬಾಲದ ರೆಕ್ಕೆ ಕಿತ್ತಳೆ ಮಿಶ್ರಿತ ಕೆಂಪು. ಬಾಯಿಯ ಸುತ್ತ ಮೂರು ಜೊತೆ ಮೀಸೆಗಳಿವೆ. ಕತ್ತಲೆಯಲ್ಲಿಯೂ ಕದಡಿದ ನೀರಿನಲ್ಲಿಯೂ ಆಹಾರವನ್ನು ಹುಡುಕಲು ಈ ಮೀಸೆಗಳೇ ಸಾಧನ. ಇತರ ಕ್ಯಾಟ್‌ಫಿಶ್‌ಗಳಂತೆ ಇದರ ಮೈಮೇಲೆ ಹುರುಪೆಗಳಿಲ್ಲ. ಬರಿಯ ಚರ್ಮವೂ ಅದರ ಮೇಲಿನ ತೆಳುವಾದ ಲೋಳೆಯೂ ಮಾತ್ರ ರಕ್ಷಣೆ. ನೋಡಲು ಬಲಿಷ್ಠವಾದ ಈ ಮೀನು ನೀರಿನ ಮಾಲಿನ್ಯಕ್ಕೂ ಔಷಧಿಗಳಿಗೂ ಬಹುಬೇಗ ಈಡಾಗಲು ಇದು ಒಂದು ಮುಖ್ಯ ಕಾರಣ.

ಹಗಲಿನಲ್ಲಿ ಇದು ತಳದಲ್ಲಿ ವಿಶ್ರಮಿಸಿ, ಸಂಜೆಯ ನಂತರ ಚುರುಕಾಗುತ್ತದೆ. ಮೀನು, ಏಡಿ ಮುಂತಾದವುಗಳಲ್ಲದೆ ನೀರಿಗೆ ಬಿದ್ದ ಹಣ್ಣುಗಳನ್ನೂ ತಿನ್ನುತ್ತದೆ. ಆಹಾರವನ್ನು ಅಗಿಯದೆ ಇಡಿಯಾಗಿ ನುಂಗುತ್ತದೆ. ಕರ್ನಾಟಕದ ನದಿಗಳಲ್ಲಿರುವ ಬಾಳೆ ಮೀನು ಸಹ ಹುರುಪೆಯಿಲ್ಲದ ಬೇಟೆಗಾರ ಕ್ಯಾಟ್‌ಫಿಶ್ ಆಗಿದ್ದರೂ ಅದು ಬೇರೆ ಕುಟುಂಬಕ್ಕೆ ಸೇರಿದೆ.

ತೊಟ್ಟಿಯ ಗಾತ್ರ

ಒಳ್ಳೆಯ ಆಹಾರ ದೊರೆತ ಮರಿ ಮೊದಲ ವರ್ಷದಲ್ಲಿಯೇ ಒಂದು ಅಡಿಯನ್ನು ದಾಟುವುದು ಸಾಮಾನ್ಯ. ಆದ್ದರಿಂದ ತೊಟ್ಟಿಯನ್ನು ಮರಿಯ ಅಳತೆಗಲ್ಲ, ಬೆಳೆದ ಮೀನಿನ ಅಳತೆಗೆ ಯೋಜಿಸಬೇಕು. ಉದಾಹರಣೆಗೆ, ಮನೆಗಳಲ್ಲಿ ದೊಡ್ಡದೆಂದು ಪರಿಗಣಿಸುವ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಮೂರು ಅಡಿ ಉದ್ದದ ಮೀನು ಅದರಲ್ಲಿ ಮೈಬಾಗಿಸದೆ ತಿರುಗಲಾರದು. ತೊಟ್ಟಿಯ ಅಗಲವು ಬೆಳೆದ ಮೀನಿನ ಉದ್ದಕ್ಕಿಂತ ಗಣನೀಯವಾಗಿ ಹೆಚ್ಚಿರಬೇಕು. 15 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳವಾದರೆ ಸುಮಾರು 17,000 ಲೀಟರ್ ನೀರು ಹಿಡಿಯುತ್ತದೆ. ಬೆಳೆದ ಮೀನಿಗೆ ಬೇಕಾಗುವುದು ಇಂತಹ ಕೊಳವೇ ಹೊರತು ಗಾಜಿನ ತೊಟ್ಟಿಯಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಆಗಿರುವುದರಿಂದ ಮಹಡಿಯ ಮೇಲೆ ಕೊಳ ನಿರ್ಮಿಸುವ ಮೊದಲು ಕಟ್ಟಡದ ಎಂಜಿನಿಯರರ ಸಲಹೆ ಪಡೆಯಬೇಕು.

'ಮೀನು ತೊಟ್ಟಿಯ ಗಾತ್ರಕ್ಕೆ ತಕ್ಕಂತೆ ಮಾತ್ರ ಬೆಳೆಯುತ್ತದೆ' ಎಂಬ ನಂಬಿಕೆ ತಪ್ಪು. ಇಕ್ಕಟ್ಟಾದ ತೊಟ್ಟಿಯಲ್ಲಿ ಬೆಳವಣಿಗೆ ಕುಂಠಿತವಾಗುವುದು ಕಲುಷಿತ ನೀರು ಮತ್ತು ಒತ್ತಡದ ಪರಿಣಾಮ. ಅದು ಅನಾರೋಗ್ಯದ ಲಕ್ಷಣವೇ ಹೊರತು ಹೊಂದಾಣಿಕೆಯಲ್ಲ.

ತಳಕ್ಕೆ ನುಣುಪಾದ ಮರಳು ಹಾಕಬಹುದು ಅಥವಾ ಬರಿದಾಗಿ ಬಿಡಬಹುದು. ಚೂಪಾದ ಜಲ್ಲಿಕಲ್ಲು ಮೀಸೆಗಳನ್ನು ಸವೆಸುತ್ತದೆ. ಸಣ್ಣ ಕಲ್ಲು, ಅಲಂಕಾರದ ವಸ್ತುಗಳನ್ನು ಮೀನು ನುಂಗಿಬಿಡಬಹುದು. ನೀರು ಬಿಸಿ ಮಾಡುವ ಹೀಟರನ್ನು ತೊಟ್ಟಿಯೊಳಗಿಡದೆ ಶೋಧಕದ ಪ್ರತ್ಯೇಕ ಭಾಗದಲ್ಲಿಡುವುದು ಕ್ಷೇಮ. ಬೆದರಿದಾಗ ಮೀನು ಮೇಲಕ್ಕೆ ಹಾರುವುದರಿಂದ ಭಾರವಾದ ಮುಚ್ಚಳ ಅಗತ್ಯ. ದೀಪ ಮಂದವಾಗಿರಬೇಕು.

ನೀರಿನ ನಿರ್ವಹಣೆ

ಮೀನು ವಿಸರ್ಜಿಸುವ ಅಮೋನಿಯಾ ವಿಷಕಾರಿ. ಶೋಧಕದಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಹಲವು ವಾರಗಳು ಬೇಕು. ಅದಕ್ಕೆ ಮೊದಲೇ ಮೀನು ಬಿಡುವುದು ಮರಿಗಳ ಸಾವಿಗೆ ಸಾಮಾನ್ಯ ಕಾರಣ. ಪರೀಕ್ಷಿಸಿದಾಗ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು. ನೈಟ್ರೇಟನ್ನು ತಗ್ಗಿಸಲು ವಾರಕ್ಕೊಮ್ಮೆ ಕಾಲು ಭಾಗದಿಂದ ಅರ್ಧದಷ್ಟು ನೀರನ್ನು ಬದಲಿಸಬೇಕು.

ಸುಮಾರು 22 ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ, ಸ್ವಲ್ಪ ಆಮ್ಲೀಯದಿಂದ ತಟಸ್ಥದವರೆಗಿನ ನೀರೂ ಸೂಕ್ತ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸಾಗಿಯೂ ಕ್ಷಾರೀಯವಾಗಿಯೂ ಇರುತ್ತದೆ. ಕ್ಷಾರೀಯ ನೀರಿನಲ್ಲಿ ಅಮೋನಿಯಾದ ವಿಷಶಕ್ತಿ ಹೆಚ್ಚುವುದರಿಂದ ಅಂತಹ ಕಡೆ ಪರೀಕ್ಷೆ ಇನ್ನೂ ಮುಖ್ಯ. ನಲ್ಲಿ ನೀರಿನ ಕ್ಲೋರಿನ್ ಕಿವಿರು ಮತ್ತು ಚರ್ಮವನ್ನು ಸುಡುತ್ತದೆ. ನೀರು ತುಂಬುವ ಮೊದಲು ಅದನ್ನು ತೆಗೆಯಬೇಕು. ಹೊಸ ನೀರು ಹಳೆಯ ನೀರಿನಷ್ಟೇ ಬೆಚ್ಚಗಿರಬೇಕು. ವಿದ್ಯುತ್ ಕೈಕೊಟ್ಟಾಗ ನೀರಿನಲ್ಲಿ ಆಮ್ಲಜನಕ ಬೇಗ ಕಡಿಮೆಯಾಗುವುದರಿಂದ ಬ್ಯಾಟರಿಯ ಗಾಳಿ ಪಂಪನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಆಹಾರ

ಮರಿಗಳಿಗೆ ಎರೆಹುಳು, ಸೀಗಡಿ, ಮುಳುಗುವ ಗುಳಿಗೆಯಾಕಾರದ ಆಹಾರ ಹಾಗೂ ಮೀನಿನ ತುಂಡುಗಳನ್ನು ಸ್ವಲ್ಪ ಸ್ವಲ್ಪವಾಗಿ ನೀಡಬಹುದು. ಬೆಳೆದಂತೆ ಅಂತರವನ್ನು ಹೆಚ್ಚಿಸಬೇಕು. ದೊಡ್ಡ ಮೀನಿಗೆ ವಾರಕ್ಕೊಮ್ಮೆ ಅಥವಾ ಎರಡು ಸಲ ಆಹಾರ ಸಾಕು. ಕೊಟ್ಟಷ್ಟನ್ನೂ ತಿನ್ನುವ ಸ್ವಭಾವ ಇದಕ್ಕಿರುವುದರಿಂದ ಬೊಜ್ಜು ಸಾಮಾನ್ಯ ತೊಂದರೆ.

ಜೀವಂತ ಮೀನುಗಳನ್ನು ಆಹಾರವಾಗಿ ಬಿಡುವುದು ನೋಡುಗರಿಗೆ ರಂಜನೀಯವೆನಿಸಿದರೂ ಅವುಗಳ ಮೂಲಕ ರೋಗ ಮತ್ತು ಪರೋಪಜೀವಿಗಳು ತೊಟ್ಟಿ ಸೇರುತ್ತವೆ. ಗೋಲ್ಡ್‌ಫಿಶ್ ಮುಂತಾದ ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಕಿಣ್ವವಿದೆ. ಅವನ್ನೇ ನಿತ್ಯ ತಿಂದ ಮೀನಿಗೆ ಆ ಜೀವಸತ್ವದ ಕೊರತೆ ಉಂಟಾಗಬಹುದು. ಕೋಳಿ, ಕುರಿ, ದನದ ಮಾಂಸದ ಕೊಬ್ಬು ಮೀನಿಗೆ ಸುಲಭವಾಗಿ ಜೀರ್ಣವಾಗದು.

ಜೊತೆಯ ಮೀನುಗಳು

ಬಾಯಲ್ಲಿ ಹಿಡಿಯುವ ಯಾವ ಮೀನನ್ನಾದರೂ ಇದು ನುಂಗುತ್ತದೆ. ತನ್ನ ಅರ್ಧದಷ್ಟು ಉದ್ದದ ಮೀನನ್ನು ನುಂಗಲು ಹೋಗಿ ತಾನೇ ಉಸಿರುಕಟ್ಟುವ ಅಪಾಯವೂ ಉಂಟು. ಮುಳ್ಳಿರುವ ಚಿಕ್ಕ ಕ್ಯಾಟ್‌ಫಿಶ್‌ಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಒಂಟಿಯಾಗಿ ಸಾಕುವುದೇ ಉತ್ತಮ.

ರೋಗ ಮತ್ತು ಚಿಕಿತ್ಸೆ

ಆಹಾರ ಬಿಡುವುದು, ಏದುಸಿರು, ಮೈಯನ್ನು ತಳಕ್ಕೆ ಉಜ್ಜುವುದು, ಮೀಸೆ ಮೊಟಕಾಗುವುದು, ಚರ್ಮದ ಮೇಲೆ ಮಸುಕಾದ ಪೊರೆ ಕಾಣುವುದು ಅನಾರೋಗ್ಯದ ಚಿಹ್ನೆಗಳು. ಇವು ಕಂಡಾಗ ಮೊದಲು ಮಾಡಬೇಕಾದುದು ನೀರಿನ ಪರೀಕ್ಷೆ, ಔಷಧಿ ಅನಂತರದ್ದು. ನೀರು ಬದಲಿಸುವುದರಿಂದಲೇ ಅನೇಕ ಸಲ ಮೀನು ಚೇತರಿಸಿಕೊಳ್ಳುತ್ತದೆ.

ಬಿಳಿಚುಕ್ಕೆ ರೋಗಕ್ಕೆ ಬಳಸುವ ತಾಮ್ರಯುಕ್ತ ಔಷಧಿ, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಮುಂತಾದವು ಹುರುಪೆಯಿಲ್ಲದ ಮೀನುಗಳಿಗೆ ಅಪಾಯಕಾರಿಯಾಗಬಹುದು. ಸಾಮಾನ್ಯ ಮೀನುಗಳಿಗೆ ಸೂಚಿಸಿದ ಪ್ರಮಾಣವನ್ನು ಹಾಗೆಯೇ ಇದಕ್ಕೆ ಬಳಸದೆ ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿರಿಸಿ ಗಮನಿಸುವುದು ರೋಗ ತಡೆಯಲು ಸರಳ ಉಪಾಯ.

ಎದೆಯ ರೆಕ್ಕೆಯ ಮುಳ್ಳುಗಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಸ್ಥಳಾಂತರಿಸುವಾಗ ಬಲೆ ಬಳಸಬಾರದು. ಮೀನನ್ನು ನೀರಿನೊಡನೆಯೇ ಡಬ್ಬಿ ಅಥವಾ ದಪ್ಪ ಚೀಲಕ್ಕೆ ಇಳಿಸಬೇಕು. ಒಣ ಕೈಯಿಂದ ಮುಟ್ಟಿದರೆ ಲೋಳೆಯ ಪದರ ಕಿತ್ತುಬರುತ್ತದೆ.

ಸಂತಾನೋತ್ಪತ್ತಿ

ಮನೆಯ ಅಕ್ವೇರಿಯಂಗಳಲ್ಲಿ ಇದರ ಸಂತಾನೋತ್ಪತ್ತಿ ಸಾಧ್ಯವಿಲ್ಲವೆಂದೇ ಹೇಳಬಹುದು. ಮಾರುಕಟ್ಟೆಯ ಅನೇಕ ಮರಿಗಳು ಆಗ್ನೇಯ ಏಷ್ಯಾದ ಸಾಕಣೆ ಕೇಂದ್ರಗಳಲ್ಲಿ ಹಾರ್ಮೋನು ಚುಚ್ಚುಮದ್ದಿನ ನೆರವಿನಿಂದ ಪಡೆದವು. ಇತರ ಕ್ಯಾಟ್‌ಫಿಶ್‌ಗಳೊಂದಿಗೆ ಬೆರೆಸಿ ಪಡೆದ ಮಿಶ್ರತಳಿಗಳೂ ಮಾರಾಟಕ್ಕಿವೆ.

ಕೆರೆ ನದಿಗಳಿಗೆ ಬಿಡುವುದರ ಅಪಾಯ

ಮೀನು ತೊಟ್ಟಿಯನ್ನು ಮೀರಿ ಬೆಳೆದಾಗ ಕೆಲವರು ಅದನ್ನು ಸಮೀಪದ ಕೆರೆಗೆ ಬಿಡುತ್ತಾರೆ. ಇದು ಕರುಣೆಯ ಕೆಲಸವೆಂದು ತೋರಿದರೂ ಬಿಟ್ಟ ಮೀನು ಸಾಯಬಹುದು, ಬದುಕಿದರೆ ಸ್ಥಳೀಯ ಮೀನುಗಳನ್ನು ತಿನ್ನಬಹುದು, ಹೊಸ ರೋಗಗಳನ್ನು ಹರಡಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಬಿಟ್ಟ ಕೆಂಪುಬಾಲದ ಕ್ಯಾಟ್‌ಫಿಶ್‌ಗಳು ಸಿಕ್ಕಿವೆ. 2018ರ ಕೇರಳದ ಪ್ರವಾಹದ ನಂತರ ಅರಪೈಮಾ, ಅಲಿಗೇಟರ್ ಗಾರ್ ಮುಂತಾದ ವಿದೇಶಿ ಬೃಹತ್ ಮೀನುಗಳು ಅಲ್ಲಿನ ನದಿಗಳಲ್ಲಿ ಕಾಣಿಸಿಕೊಂಡವು.

ಸಾರ್ವಜನಿಕ ಅಕ್ವೇರಿಯಂಗಳಲ್ಲಿಯೂ ಸ್ಥಳ ಸೀಮಿತವಾದುದರಿಂದ ಅವು ಇಂತಹ ಮೀನುಗಳನ್ನು ಯಾವಾಗಲೂ ಸ್ವೀಕರಿಸಲಾರವು. ಸರಿಯಾದ ಪಾಲನೆಯಲ್ಲಿ ಈ ಮೀನು 15 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲ ಕೊಳ, ನೀರು, ವಿದ್ಯುತ್ತು ಮತ್ತು ಆಹಾರವನ್ನು ಒದಗಿಸಲು ಸಾಧ್ಯವೇ ಎಂಬುದನ್ನು ಮರಿಯನ್ನು ಕೊಳ್ಳುವ ಮೊದಲೇ ನಿರ್ಧರಿಸಬೇಕಾಗುತ್ತದೆ.