ಎಳೆಯ ಮಕ್ಕಳ ಆಟಿಸಂ ಥೆರಪಿ: ಸಮುದಾಯ ಮಟ್ಟದ ಮೌಲ್ಯಮಾಪನ

ಆಟಿಸಂ ಇರುವ ಆರು ವರ್ಷದೊಳಗಿನ ಮಕ್ಕಳಿಗೆ ಮಾತು, ಒಡನಾಟ, ಆಟ ಮತ್ತು ದಿನನಿತ್ಯದ ಕೆಲಸಗಳಲ್ಲಿ ನೆರವಾಗಲು ನೀಡುವ ಥೆರಪಿಗಳಿಂದ ನಿಜಕ್ಕೂ ಎಷ್ಟು ಪ್ರಯೋಜನವಿದೆ ಎಂಬುದನ್ನು ದೊಡ್ಡ ಆಸ್ಪತ್ರೆಗಳ ಹೊರಗೆ, ಮನೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಪರೀಕ್ಷಿಸುವ ಕ್ರಮ. ತಜ್ಞರ ಕೈಯಲ್ಲಿ ಫಲ ಕೊಟ್ಟ ಥೆರಪಿ ಹಳ್ಳಿಯ ಕಾರ್ಯಕರ್ತೆಯ ಕೈಯಲ್ಲಿ, ಕೂಲಿಗೆ ಹೋಗುವ ತಾಯಿಯ ಬಿಡುವಿನಲ್ಲಿ, ಮಗುವಿನ ಮನೆಮಾತಿನಲ್ಲಿ ಅಷ್ಟೇ ಫಲ ಕೊಡುತ್ತದೆಯೇ ಎಂಬುದು ಇದರ ಮುಖ್ಯ ಪ್ರಶ್ನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ದೇಶದ ಹೆಸರಾಂತ ತಜ್ಞ ಸಂಸ್ಥೆಗಳು ಪಕ್ಕದ ನಗರದಲ್ಲೇ ಇದ್ದರೂ, ವಾರಕ್ಕೆ ಹಲವು ಬಾರಿ ಬೇಕಾಗುವ ಥೆರಪಿಗಾಗಿ ಅಲ್ಲಿಗೆ ಓಡಾಡುವುದು ಇಲ್ಲಿನ ಬಹುಪಾಲು ಕುಟುಂಬಗಳಿಗೆ ನಿಲುಕುವುದಿಲ್ಲ.

ಹಿನ್ನೆಲೆ

ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿದ ನಂತರ ಆಟಿಸಂ ಪ್ರತ್ಯೇಕ ಸ್ಥಿತಿಯಾಗಿ ಗುರುತಾಯಿತು. ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಈ ಸ್ಥಿತಿ ಹುಟ್ಟಿನಿಂದಲೇ ಬರುವಂಥದ್ದು. ಸಾಕಿದ ರೀತಿಯಿಂದ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಭಾರತದಲ್ಲಿ 2ರಿಂದ 9 ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಇನ್‌ಕ್ಲೆನ್ ಅಧ್ಯಯನ ಪಲ್ವಲ್, ಕಾಂಗ್ಡಾ, ಢೆಂಕನಾಲ್, ಉತ್ತರ ಗೋವಾ, ಹೈದರಾಬಾದುಗಳಲ್ಲಿ ನಡೆಯಿತು. ಕರ್ನಾಟಕದ ಯಾವ ಊರೂ ಅದರಲ್ಲಿ ಇರಲಿಲ್ಲ.

ಕಾನೂನಿನ ಮಾನ್ಯತೆ ಹಂತಹಂತವಾಗಿ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂಗೆ ಜಾಗವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಒಳಗೊಂಡಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಹೆಸರಿಸಿತು.

ಜಿಲ್ಲೆಯ ಸೇವಾಜಾಲ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ಸಂಚಾರಿ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬ ಕಂಡುಬಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳುಹಿಸಬೇಕು ಎಂಬುದು ಯೋಜನೆಯ ವಿನ್ಯಾಸ. ಊರಿನ ಹಂತದಲ್ಲಿ ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಂಗನವಾಡಿಯಲ್ಲೇ ವಿಳಂಬ ಗುರುತಿಸಿ ಅಂಥ ಮಕ್ಕಳನ್ನು ಒಳಗೊಳ್ಳಲು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರಿನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಗುರುತಿಸುವ ಕೆಲಸವೇ ಹಲವು ಮನೆಗಳಲ್ಲಿ ತಡವಾಗುತ್ತದೆ. ಹೆಸರು ಹಿಡಿದು ಕರೆದರೆ ತಿರುಗದ, ಬೆರಳು ತೋರಿಸಿ ಏನನ್ನೂ ಕೇಳದ ಎರಡು ವರ್ಷದ ಮಗುವಿನ ಬಗ್ಗೆ ‘ಗಂಡುಮಕ್ಕಳಿಗೆ ಮಾತು ನಿಧಾನ’, ‘ಅವರಪ್ಪನೂ ಹಾಗೇ ಇದ್ದ’ ಎಂಬ ಸಮಾಧಾನ ಸಿಗುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವುದು, ನಾಟಿ ಔಷಧ, ಖಾಸಗಿ ಸ್ಪೀಚ್ ಥೆರಪಿ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗದ ಚೀಟಿ ಒಂದೇ ತಿಂಗಳಲ್ಲಿ ಒಟ್ಟೊಟ್ಟಿಗೆ ನಡೆಯಬಹುದು. ಕುಟುಂಬ ಏನೇನು ಮಾಡುತ್ತಿದೆ ಎಂಬುದನ್ನು ತೀರ್ಪು ಕೊಡದೆ ಪೂರ್ತಿ ದಾಖಲಿಸಿಕೊಳ್ಳುವುದು ಮೌಲ್ಯಮಾಪನದ ಮೊದಲ ಹೆಜ್ಜೆ. ಇಲ್ಲದಿದ್ದರೆ ಯಾವುದರಿಂದ ಯಾವ ಬದಲಾವಣೆ ಬಂತು ಎಂದು ಹೇಳಲಾಗದು.

ಥೆರಪಿಗಳ ಬಗೆಗಳು

ವರ್ತನಾ ವಿಶ್ಲೇಷಣೆ ಆಧರಿಸಿದ ಥೆರಪಿ (ಎಬಿಎ) ಕೌಶಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಮೆಚ್ಚುಗೆಯ ಮೂಲಕ ಕಲಿಸುತ್ತದೆ. ವಾರಕ್ಕೆ 40 ಗಂಟೆಗಳಷ್ಟು ಕಲಿಕೆ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಮುಂದುವರಿದರು ಎಂದು ಐವರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ವರದಿ ಅದಕ್ಕೆ ಪ್ರಚಾರ ತಂದಿತು. ಆದರೆ ಆ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ, ಶಿಕ್ಷೆಯನ್ನೂ ಬಳಸಲಾಗಿತ್ತು. ಅದು ಇಂದಿನ ನೈತಿಕ ಮಾನದಂಡಕ್ಕೆ ಒಪ್ಪುವುದಿಲ್ಲ. ಆಟದ ನಡುವೆ ಮಗುವಿನ ಆಸಕ್ತಿಯನ್ನೇ ಹಿಡಿದು ಕಲಿಸುವ ಸಹಜ ಬೆಳವಣಿಗೆಯ ಕ್ರಮಗಳು ಎರಡನೆಯ ಗುಂಪು. ತಂದೆತಾಯಿಗಳಿಗೆ ತರಬೇತಿ ಕೊಟ್ಟು ಅವರ ಮೂಲಕ ನಡೆಸುವ ಕ್ರಮಗಳು ಮೂರನೆಯವು. ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ಕೌಶಲ ತರಬೇತಿ ಈ ಗುಂಪಿಗೆ ಸೇರುತ್ತದೆ. 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ರೂಪಿಸಿದ ಇದರಲ್ಲಿ 9 ಗುಂಪು ತರಗತಿಗಳೂ 3 ಮನೆಭೇಟಿಗಳೂ ಇವೆ. ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿಗಳು ಇವುಗಳ ಜೊತೆಗೂ ಬಿಡಿಯಾಗಿಯೂ ನಡೆಯುತ್ತವೆ.

ಬೇರೆಬೇರೆ ಥೆರಪಿಗಳ ಕುರಿತ 252 ಅಧ್ಯಯನಗಳನ್ನು, ಒಟ್ಟು 13,304 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅಳೆಯುವವರ ಪಕ್ಷಪಾತಕ್ಕೆ ಆಸ್ಪದವಿಲ್ಲದ ಅಧ್ಯಯನಗಳನ್ನಷ್ಟೇ ಉಳಿಸಿಕೊಂಡಾಗ ಹಲವು ಥೆರಪಿಗಳ ಲಾಭ ಕುಗ್ಗಿತು. ಸಮುದಾಯದಲ್ಲಿ ನಡೆದ ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿದ 2019ರ ಇನ್ನೊಂದು ವಿಶ್ಲೇಷಣೆಯಲ್ಲಿ ಮಕ್ಕಳ ಪ್ರಗತಿ ವಿಶ್ವವಿದ್ಯಾಲಯಗಳ ಪ್ರಯೋಗಗಳಲ್ಲಿ ಕಂಡದ್ದಕ್ಕಿಂತ ಕಡಿಮೆಯಿತ್ತು. ಸ್ಥಳೀಯ ಮೌಲ್ಯಮಾಪನ ಏಕೆ ಬೇಕು ಎಂಬುದನ್ನು ಈ ಎರಡು ಅಧ್ಯಯನಗಳು ಸ್ಪಷ್ಟಪಡಿಸುತ್ತವೆ.

ಕರ್ನಾಟಕದ ಅನುಭವ

ವಾಕ್ ತಜ್ಞೆ ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ 2000ದ ಸುಮಾರಿಗೆ ರೂಪಿಸಿದ ಕಮ್ಯುನಿಕೇಶನ್ ಡೀಲ್ ಕಾರ್ಯಕ್ರಮ ಭಾರತದಲ್ಲೇ ಬೆಳೆದ ಆರಂಭಿಕ ಥೆರಪಿಗಳಲ್ಲಿ ಮುಖ್ಯವಾದುದು. ವಾಕ್ ತಜ್ಞರು, ಆಕ್ಯುಪೇಶನಲ್ ಥೆರಪಿಸ್ಟರು, ಶಿಕ್ಷಕರು ಒಂದೇ ತಂಡವಾಗಿ ಶಾಲಾಪೂರ್ವ ಮಕ್ಕಳ ಸಣ್ಣ ಗುಂಪಿನೊಡನೆ ವಾರಕ್ಕೆ ಐದು ದಿನ ಕೆಲಸ ಮಾಡುವುದು ಇದರ ಕ್ರಮ. ಚಲನೆ, ಸ್ವಂತ ಕೆಲಸ, ಭಾಷಾಗ್ರಹಣ, ಮಾತು ಮೊದಲಾದ ಎಂಟು ಕ್ಷೇತ್ರಗಳಲ್ಲಿ ಮಗುವಿನ ಬೆಳವಣಿಗೆ ದಾಖಲಿಸಲು ಅದರದೇ ಪಟ್ಟಿಯಿದೆ. 30 ಮಕ್ಕಳ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. 2013ರ ಅಧ್ಯಯನ ಇನ್ನೂ ಮುಂದೆ ಹೋಗಿ, ತರಬೇತಿ ಪಡೆದ ಮಕ್ಕಳು ಸಾಮಾನ್ಯ ಶಾಲೆಗೆ ಸೇರಿದರೇ, ಅಲ್ಲಿ ಉಳಿದರೇ ಎಂದು ನೋಡಿತು. ತಂದೆತಾಯಿಗಳು ನಿಜವಾಗಿ ಕೇಳುವ ಪ್ರಶ್ನೆಯೇ ಅಳತೆಗೋಲಾದದ್ದು ಅದರ ಹೆಚ್ಚುಗಾರಿಕೆ.

ಈ ಮಾದರಿಗೆ ತಜ್ಞರ ತಂಡವೂ ದಿನವೂ ಮಗುವನ್ನು ಕರೆತರುವ ಅನುಕೂಲವೂ ಬೇಕು. ತಜ್ಞರಿಲ್ಲದ ಕಡೆ ತರಬೇತಾದ ಕಾರ್ಯಕರ್ತರಿಂದ ಕೆಲಸ ನಡೆಸುವ ದಾರಿಯೂ ಕರ್ನಾಟಕಕ್ಕೆ ಹೊಸದಲ್ಲ. ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೆ ಮನೋರೋಗ ಚಿಕಿತ್ಸೆಯ ತರಬೇತಿ ಆರಂಭಿಸಿತು. ಅದೇ ಚಿಂತನೆ 1980ರ ದಶಕದಲ್ಲಿ ಬಳ್ಳಾರಿ ಮಾದರಿಯಾಗಿ ಬೆಳೆದು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಪಾಸ್ ಪ್ರಯೋಗ

ತಜ್ಞರಲ್ಲದವರ ಕೈಯಲ್ಲಿ ಆಟಿಸಂ ಥೆರಪಿ ನಡೆದೀತೇ ಎಂಬುದನ್ನು ಗೋವಾ ಮತ್ತು ರಾವಲ್ಪಿಂಡಿಗಳಲ್ಲಿ ಪರೀಕ್ಷಿಸಿದ ಪಾಸ್ ಪ್ರಯೋಗದ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. 2ರಿಂದ 9 ವರ್ಷದ 65 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿನ ಪೋಷಕರಿಗೆ 12 ಸೆಷನ್‌ಗಳ ತರಬೇತಿ ಕೊಡಲಾಯಿತು.

ಈ ತರಬೇತಿಯಲ್ಲಿ ತಾಯಿ–ಮಗುವಿನ ಆಟವನ್ನು ವಿಡಿಯೊ ಮಾಡಿ, ಕಾರ್ಯಕರ್ತೆ ಮತ್ತು ತಾಯಿ ಒಟ್ಟಿಗೆ ಕುಳಿತು ನೋಡುತ್ತಾರೆ. ಮಗು ಪಾತ್ರೆಯ ಮುಚ್ಚಳ ತಿರುಗಿಸುತ್ತ ಕೂತಿದೆ ಎನ್ನಿ. ‘ಅದು ಬಿಡು, ಇಲ್ಲಿ ನೋಡು, ಚೆಂಡು, ಚೆಂಡು ಅನ್ನು’ ಎಂದರೆ ತಾಯಿಯ ಮಾತು ಮಗುವಿನ ಗಮನದಿಂದ ಹೊರಗೆ ಉಳಿಯುತ್ತದೆ. ಪಕ್ಕದಲ್ಲಿ ಕೂತು, ‘ಗಿರಗಿರ ತಿರುಗ್ತು... ಬಿತ್ತು!’ ಎಂದು ಸುಮ್ಮನೆ ಕಾದರೆ ಮಗು ಒಮ್ಮೆ ಮುಖ ಎತ್ತಬಹುದು, ಮುಚ್ಚಳವನ್ನು ತಾಯಿಯ ಕೈಗೆ ಚಾಚಬಹುದು. ತಾಯಿಯ ಎಷ್ಟು ಮಾತು ಮಗುವಿನ ಗಮನಕ್ಕೆ ಹೊಂದಿಕೊಂಡಿತು, ಮಗು ಎಷ್ಟು ಸಲ ತಾನಾಗಿ ಸಂಪರ್ಕಕ್ಕೆ ಬಂತು ಎಂದು ಎಣಿಸಿ ಅಳೆಯುತ್ತಾರೆ. ಎಣಿಸುವವರಿಗೆ ಯಾವ ಮಗು ಯಾವ ಗುಂಪಿನದು ಎಂದು ಗೊತ್ತಿರುವುದಿಲ್ಲ.

ತರಬೇತಿ ಪಡೆದ ಗುಂಪಿನಲ್ಲಿ ಈ ಎರಡೂ ಸ್ಪಷ್ಟವಾಗಿ ಹೆಚ್ಚಿದವು. ತಾಯಿ–ಮಗು ಒಂದೇ ವಸ್ತುವಿನ ಮೇಲೆ ಗಮನ ಹಂಚಿಕೊಂಡಿರುವ ಹೊತ್ತು ಮಾತ್ರ ಹೋಲಿಕೆಯ ಗುಂಪಿಗಿಂತ ಕಡಿಮೆಯಿತ್ತು. ನಿರೀಕ್ಷೆಗೆ ವಿರುದ್ಧವಾದ ಈ ಅಂಶವನ್ನೂ ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದರು.

ಅಳತೆಗೋಲು ಮತ್ತು ಭಾಷೆ

ಭಾರತದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಹೆಚ್ಚು ಬಳಕೆಯಾದ ಐಸಾ ಮಾಪನದಲ್ಲಿ 40 ಅಂಶಗಳಿವೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲವೆಂದೂ 153 ಮೀರಿದರೆ ತೀವ್ರವೆಂದೂ ಲೆಕ್ಕ. ಥೆರಪಿಯ ಪ್ರಗತಿ ಅಳೆಯಲು ಇದು ಸರಿಯಾದ ಸಾಧನವಲ್ಲ. ಮಾಸಾಶನ, ಸವಲತ್ತುಗಳು ಇದೇ ಅಂಕಕ್ಕೆ ಕಟ್ಟಿಕೊಂಡಿರುವಾಗ, ಅಂಕ ಇಳಿಯಿತೆಂದು ಹೇಳಲು ಕುಟುಂಬ ಹಿಂಜರಿದರೆ ಅದು ಸಹಜ. ಪ್ರಮಾಣಪತ್ರದ ಅಳತೆ ಬೇರೆ, ಪ್ರಗತಿಯ ಅಳತೆ ಬೇರೆ ಇರಬೇಕು.

ವಿದೇಶಿ ಮಾಪನಗಳಿಗೆ ತರಬೇತಿ ದುಬಾರಿ, ಸಂದರ್ಭಗಳೂ ಪರಕೀಯ. ಅಡಾಸ್ ಎಂಬ ಪ್ರಸಿದ್ಧ ಪರೀಕ್ಷೆಯಲ್ಲಿ ಗೊಂಬೆಯ ಹುಟ್ಟುಹಬ್ಬದ ಆಟವೊಂದಿದೆ. ಕೇಕ್ ಕತ್ತರಿಸುವುದನ್ನು ನೋಡಿಯೇ ಇರದ ಮಗು ಅದರಲ್ಲಿ ಸೇರದಿದ್ದರೆ ಆಟಿಸಂ ಕಾರಣವೆನ್ನುವಂತಿಲ್ಲ. ಪದಗಳ ಪಟ್ಟಿ ಮಾಡಿ ಎಣಿಸುವ ಕ್ರಮ ಕನ್ನಡದ ಬೆಳವಣಿಗೆಯನ್ನು ಪೂರ್ತಿ ಹಿಡಿಯುವುದಿಲ್ಲ. ‘ನೀರು’ ಎನ್ನುತ್ತಿದ್ದ ಮಗು ‘ನೀರು ಬೇಕು’, ಆಮೇಲೆ ‘ನಂಗೆ ನೀರು ಕೊಡು’ ಎಂದಾಗ ಪ್ರತ್ಯಯವೂ ಕ್ರಿಯಾಪದವೂ ಕೇಳುಗನ ಅರಿವೂ ಒಟ್ಟಿಗೆ ಬಂದಿರುತ್ತವೆ. ಜಿಲ್ಲೆಯ ಅನೇಕ ಮನೆಗಳಲ್ಲಿ ತೆಲುಗು, ಉರ್ದು, ತಮಿಳು ಮನೆಮಾತು, ಅಂಗನವಾಡಿಯಲ್ಲಿ ಕನ್ನಡ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುತ್ತದೆಂಬುದನ್ನು ಸಂಶೋಧನೆಗಳು ಒಪ್ಪುವುದಿಲ್ಲ. ಹಾಗಾಗಿ ಮನೆಮಾತು ಬಿಡಿಸುವ ಬದಲು ಎರಡರಲ್ಲೂ ಅಳೆಯಬೇಕು.

ಹೋಲಿಕೆಯ ವಿನ್ಯಾಸ

ಎಳೆಯ ಮಗು ಥೆರಪಿ ಇಲ್ಲದೆಯೂ ವರ್ಷದಲ್ಲಿ ಒಂದಿಷ್ಟು ಬೆಳೆಯುತ್ತದೆ. ಆದ್ದರಿಂದ ಮೊದಲು–ನಂತರದ ಹೋಲಿಕೆಯೊಂದರಿಂದ ಥೆರಪಿಯ ಫಲ ಸಾಬೀತಾಗುವುದಿಲ್ಲ. ಹೋಲಿಕೆಯ ಗುಂಪಿಗೆ ಥೆರಪಿ ನಿರಾಕರಿಸುವುದೂ ನ್ಯಾಯವಲ್ಲ. ಇಂಥ ಕಡೆ ಹಂತಹಂತದ ವಿಸ್ತರಣೆ ಒಳ್ಳೆಯ ದಾರಿ. ಎಲ್ಲ ಅಂಗನವಾಡಿ ವೃತ್ತಗಳಿಗೂ ಕಾರ್ಯಕ್ರಮ ತಲುಪಬೇಕು, ಯಾವ ವೃತ್ತಕ್ಕೆ ಯಾವಾಗ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಆಗ ಸರದಿಗೆ ಕಾಯುತ್ತಿರುವ ವೃತ್ತಗಳೇ ಹೋಲಿಕೆಗೆ ಒದಗುತ್ತವೆ.

ಸಂಖ್ಯೆಯ ತೊಡಕೂ ಇದೆ. 127ಕ್ಕೆ ಒಂದರ ಲೆಕ್ಕದಲ್ಲಿ, 25–30 ಮಕ್ಕಳ ಅಂಗನವಾಡಿಗಳಾದರೆ ನಾಲ್ಕೈದು ಕೇಂದ್ರಗಳಿಗೆ ಸರಾಸರಿ ಒಂದು ಮಗು ಸಿಗುತ್ತದೆ. ಒಬ್ಬ ಕಾರ್ಯಕರ್ತೆಗೆ ಅಭ್ಯಾಸದ ಅವಕಾಶ ಕಡಿಮೆ, ಕಲಿತದ್ದು ಮರೆಯುವ ಸಾಧ್ಯತೆ ಹೆಚ್ಚು. ಹೀಗಾಗಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಕೆಲವೇ ಕಾರ್ಯಕರ್ತರನ್ನು ಆಳವಾಗಿ ತರಬೇತುಗೊಳಿಸಿ, ಮೇಲ್ವಿಚಾರಣೆಯನ್ನು ನಿರಂತರವಾಗಿ ಇಡುವುದು ಸೂಕ್ತ. ಥೆರಪಿ ಕಲಿಸಿದಂತೆಯೇ ನಡೆಯಿತೇ ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಇಲ್ಲದಿದ್ದರೆ ಫಲ ಸಿಗದಾಗ ದೋಷ ಥೆರಪಿಯದೋ ಜಾರಿಯದೋ ತಿಳಿಯದು.

ವೆಚ್ಚ, ಹೊರೆ, ಹಾನಿ

ದೊಡ್ಡಬಳ್ಳಾಪುರದ ಮಗ್ಗದ ಕೂಲಿ ನೇಯ್ದ ಸೀರೆಯ ಲೆಕ್ಕದ್ದು. ಮಗುವನ್ನು ಎತ್ತಿಕೊಂಡು ನಗರಕ್ಕೆ ಹೋಗಿಬಂದ ದಿನ ಮಗ್ಗ ನಿಂತಿರುತ್ತದೆ. ನೆಲಮಂಗಲದ ಕಾರ್ಖಾನೆ ಪಾಳಿ, ಹೊಸಕೋಟೆಯ ತೋಟದ ಕೆಲಸಗಳಿಗೂ ಇದೇ ಮಾತು. ಬಸ್ ಚಾರ್ಜು, ಹೋದ ಕೂಲಿ, ಮನೆಯ ಇತರ ಮಕ್ಕಳಿಗೆ ತಪ್ಪಿದ ಆರೈಕೆ, ತಾಯಿಯ ದಣಿವು ಎಲ್ಲವೂ ವೆಚ್ಚದ ಲೆಕ್ಕಕ್ಕೆ ಸೇರಬೇಕು. ನಡುವೆ ಬಿಟ್ಟುಹೋದ ಕುಟುಂಬಗಳನ್ನು ಲೆಕ್ಕದಿಂದ ತೆಗೆದರೆ, ಬರಲು ಶಕ್ತರಾದವರ ಫಲಿತಾಂಶವಷ್ಟೇ ಉಳಿಯುತ್ತದೆ. ಹಾಗೆ ಬಿಟ್ಟವರು ಯಾರು, ಏಕೆ ಎಂಬುದೇ ಮುಖ್ಯ ಫಲಿತಾಂಶ.

ಥೆರಪಿಯಿಂದ ಆಗಬಹುದಾದ ಹಾನಿಯನ್ನು ಹೆಚ್ಚಿನ ಅಧ್ಯಯನಗಳು ದಾಖಲಿಸುವುದಿಲ್ಲ ಎಂದು 2023ರ ವಿಶ್ಲೇಷಣೆಯೂ ತೋರಿಸಿತು. ಭಯ, ನಿದ್ದೆಗೇಡು, ಕಲಿತದ್ದನ್ನು ಬಿಡುವುದು, ಗದರಿಕೆ ಅಥವಾ ಬಲವಂತದ ಬಳಕೆ ಇವೆಲ್ಲ ಬರಹಕ್ಕೆ ಬರಬೇಕು. ಆಧಾರವಿಲ್ಲದ ದುಬಾರಿ ಚಿಕಿತ್ಸೆಗಳಿಂದ ಕುಟುಂಬಗಳನ್ನು ಉಳಿಸುವುದೂ ಈ ಕೆಲಸದ ಭಾಗ. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡುವಂತಿಲ್ಲ, ನೀಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು.

ಗುರಿಯ ಕುರಿತ ಚರ್ಚೆ

ಮಗುವನ್ನು ‘ಆಟಿಸಂ ಇಲ್ಲದವರಂತೆ’ ಕಾಣಿಸುವುದು ಥೆರಪಿಯ ಗುರಿಯಾಗಬಾರದು ಎಂದು ಆಟಿಸಂ ಇರುವ ವಯಸ್ಕರು ಹಲವು ದೇಶಗಳಲ್ಲಿ ವಾದಿಸುತ್ತಿದ್ದಾರೆ. ಕೈ ಅಲ್ಲಾಡಿಸುವುದು ನಿಂತಿತು, ಕಣ್ಣಿಗೆ ಕಣ್ಣಿಟ್ಟು ನೋಡಿತು ಎಂಬವು ಹೊರನೋಟದ ಬದಲಾವಣೆಗಳು. ಬೇಕು–ಬೇಡ ತಿಳಿಸಲು ಬಂತೇ, ನೋವಾದರೆ ಹೇಳಲು ಬಂತೇ, ಅಂಗನವಾಡಿಯಲ್ಲಿ ಉಳಿಯಿತೇ, ತಾಯಿಗೆ ಧೈರ್ಯ ಬಂತೇ ಎಂಬವು ಬದುಕಿಗೆ ತಾಗುವ ಅಳತೆಗಳು. ಬಾಯಿಮಾತು ಬಾರದ ಮಗು ಚಿತ್ರದ ಕಾರ್ಡಿನಿಂದ ಕೇಳಿದರೂ ಅದು ಪೂರ್ಣ ಪ್ರಗತಿಯೇ.

ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಗೆ ಎಲ್ಲಿಂದಲೋ ತಂದ ‘ಅತ್ಯುತ್ತಮ ಥೆರಪಿ’ಗಿಂತ, ಇಲ್ಲಿರುವ ಕಾರ್ಯಕರ್ತರು ನಡೆಸಬಲ್ಲ, ಇಲ್ಲಿನ ಕುಟುಂಬಗಳು ಮುಂದುವರಿಸಬಲ್ಲ, ನಿಷ್ಪಕ್ಷಪಾತ ಅಳತೆಗೆ ನಿಲ್ಲುವ ಥೆರಪಿ ಹೆಚ್ಚು ಬೆಲೆಯುಳ್ಳದ್ದು. ಅಳತೆ ನಡೆಸಿದವರು ಫಲಿತಾಂಶವನ್ನು, ಲಾಭ ಕಾಣದಿದ್ದರೂ, ಮಾಹಿತಿ ಕೊಟ್ಟ ಪೋಷಕರಿಗೆ ಅವರ ಭಾಷೆಯಲ್ಲಿ ತಲುಪಿಸಬೇಕು. ಮುಂದಿನ ವರ್ಷ ಯಾವ ಥೆರಪಿ ಮುಂದುವರಿಯಬೇಕು ಎಂಬ ತೀರ್ಮಾನದಲ್ಲಿ ಆ ಪೋಷಕರಿಗೂ ಪಾಲಿರಬೇಕು.